ಹಸುಗೂ ಎಮ್ಮೆಗೂ ಏನು ಹೋಲಿಕೆ?

ತೊಂಬತ್ತರ ದಶಕದ ಕೊನೆ. ಮೈಸೂರಿನಲ್ಲಿ ನನ್ನದು ಮನಃಶಾಸ್ತ್ರದ ಎಂ.ಎಸ್ಸಿ. ಎರಡನೇ ವರ್ಷ. ತಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದ ನನಗೆ ಇದ್ದದ್ದು ಒಂದೇ ಆಸೆ, ಆಸ್ಪತ್ರೆಯಲ್ಲಿ ತರಬೇತಿಯ ಪೋಸ್ಟಿಂಗ್. ಅದಕ್ಕೆ ಮೊದಲು ಬುದ್ಧಿ ಅಳೆಯುವ ಪರೀಕ್ಷೆಯೊಂದನ್ನು ಯಾರ ಮೇಲಾದರೂ ತಪ್ಪಿಲ್ಲದೆ ಮಾಡಿ ವರದಿ ಕೊಡಬೇಕಿತ್ತು. ಎರಡು ಸಲ ಆಗಲೇ ಕೆಡಿಸಿದ್ದೆ. ಸರಿ-ತಪ್ಪಿನ ಸುಳಿವು ಕೊಡಕೂಡದೆಂಬ ನಿಯಮ ಮರೆತು, ಉತ್ತರ ಸರಿಯಾದಾಗಲೆಲ್ಲ ಖುಷಿಯಲ್ಲಿ ತಲೆಯಾಡಿಸಿಬಿಡುತ್ತಿದ್ದೆ. "ಇದೊಂದು ಕೆಟ್ಟರೆ ಪೋಸ್ಟಿಂಗ್ ಮುಂದಿನ ವರ್ಷ" ಎಂದು ನಮ್ಮ ವಿಭಾಗದ ಮೇಡಂ ಖಡಾಖಂಡಿತವಾಗಿ ಹೇಳಿದ್ದರು.

ದೊಡ್ಡಮ್ಮನನ್ನೇ ಪರೀಕ್ಷೆಗೆ ಕೂರಿಸೋಣವೆಂದು ಭಾನುವಾರ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಹೆಡತಲೆ ಎಂಬ ಹಳ್ಳಿಯ ಅವರ ಮನೆಗೆ ಹೋದೆ. ಪರೀಕ್ಷೆ ನಡೆಯುವಾಗ ಮೂರನೆಯವರು ಇರಕೂಡದೆಂಬುದು ನಿಯಮ. ಶಿಸ್ತಾಗಿ ಬೀದಿ ಬಾಗಿಲು ಹಾಕಿದೆ. ಅಲ್ಲೇ ಎಡವಟ್ಟಾಯಿತು. ಆ ಬೀದಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ ಒಳಗೆ ಮದುವೆ ಮಾತುಕತೆ ನಡೆದಿದೆ ಎಂದೇ ಅರ್ಥ.

ಸ್ಟಾಪ್‌ವಾಚ್ ಒತ್ತಿ, ಮುಖ ಬಿಗಿದು ಕೇಳಿದೆ: "ಹಸುಗೂ ಎಮ್ಮೆಗೂ ಏನು ಹೋಲಿಕೆ?"

"ಅಸೂಗೂ ಎಮ್ಮೆಗೂ ಓಲಿಕೆನಾ? ನಿನ್ನ ಓದ್ಸಿದ್ದು ದಂಡ ಕಣವ್ವ."

ಅದನ್ನೂ ಹಾಗೇ ಬರೆದುಕೊಂಡೆ.

"ಸರಿನೋ ತಪ್ಪೋ ಏಳು" ಎಂದರು ದೊಡ್ಡಮ್ಮ.

"ಹೇಳೋ ಹಾಗಿಲ್ಲ."

"ಮತ್ಯಾಕ್ ಕೇಳ್ದೆ?"

ಅಷ್ಟರಲ್ಲಿ ಬಾಗಿಲು ದಬದಬ ಎಂದಿತು. ಡೈರಿಗೆ ಹೊರಟಿದ್ದ ನೆರೆಮನೆಯ ಇಬ್ಬರು ಹೆಂಗಸರು ಹಾಲಿನ ಕ್ಯಾನುಗಳ ಸಮೇತ ಒಳಗೇ ಬಂದರು. "ಗಂಡು ಯಾವೂರವ್ವ?"

"ಗಂಡೂ ಇಲ್ಲ ಗಿಂಡೂ ಇಲ್ಲ. ಅಸೂಗೂ ಎಮ್ಮೆಗೂ ಏನ್ ಓಲಿಕೆ ಅಂತ ಕೇಳ್ತಾವ್ಳೆ" ಎಂದರು ದೊಡ್ಡಮ್ಮ.

ತಗೋ, ಶುರುವಾಯಿತು. ಒಬ್ಬಾಕೆ ಎಮ್ಮೆಯ ಗಟ್ಟಿ ಹಾಲಿನ ಪರ, ಇನ್ನೊಬ್ಬಾಕೆ ಹಸುವಿನ ಪರ. ಗಲಾಟೆಯ ನಡುವೆ ದೊಡ್ಡಮ್ಮ ಕೈಯೆತ್ತಿ ತೀರ್ಪು ಕೊಟ್ಟರು: "ಎರಡೂ ಒದೀತವೆ. ಬರ್ಕೊ!"

ನನ್ನ ಬಿಗಿದ ಮುಖ ಸಡಿಲಿಹೋಯಿತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸ್ಟಾಪ್‌ವಾಚ್ ತನ್ನ ಪಾಡಿಗೆ ತಾನು ಓಡುತ್ತಿತ್ತು. ನಗು ನಿಂತಾಗ ಪರೀಕ್ಷೆ ಮತ್ತೆ ಕೆಟ್ಟದ್ದು ಅರಿವಾಯಿತು. ಪೋಸ್ಟಿಂಗ್ ಕೈತಪ್ಪಿತ್ತು.

ಮನೆಗೆ ಬಂದು ಸುಳ್ಳು ವರದಿ ಬರೆಯಲು ಕೂತದ್ದೂ ನಿಜ. ಆದರೆ ದೊಡ್ಡಮ್ಮನ ಹೆಸರಲ್ಲಿ "ಎರಡೂ ಸಾಕುಪ್ರಾಣಿಗಳು" ಎಂದು ಬರೆಯಲು ಹೋದರೆ ಮತ್ತೆ ನಗು. ಕೊನೆಗೆ ಒದೆ, ಕ್ಯಾನು, ನನ್ನ ನಗು, ಎಲ್ಲವನ್ನೂ ನಡೆದಂತೆಯೇ ಬರೆದೆ.

ಸೋಮವಾರ ಮೇಡಂ ಓದುತ್ತಾ ಹೋದರು. ಒಂದು ಕಡೆ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಹಾಳೆ ಗಡಗಡ ಅಲುಗಿತು. ಅದನ್ನು ಇಳಿಸಿದಾಗ ಮುಖ ಮತ್ತೆ ಎಂದಿನಂತೆ ಗಂಭೀರ.

"ಟೆಸ್ಟ್ ಪೂರ್ತಿ ಹಾಳು. ಇನ್ನೊಂದು ಮಾಡಿ ತನ್ನಿ."

"ಪೋಸ್ಟಿಂಗ್, ಮೇಡಂ?"

"ನಾಳೆ ಎಂಟು ಗಂಟೆಗೆ ಆಸ್ಪತ್ರೆಗೆ ಬನ್ನಿ. ಅಲ್ಲಿಯ ರೋಗಿಗಳು ಹೇಳಿದ್ದನ್ನೂ ಹೀಗೇ, ಇದ್ದದ್ದು ಇದ್ದ ಹಾಗೆ ಬರೆಯಿರಿ."