ಶೇವಂತಾಳ ತೋಳಿನ ತೂಕ

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಕಮಲಾಪುರದಲ್ಲಿ ಬುರ್ಹಾನುದ್ದೀನನ ಬಾಳೆಹಣ್ಣಿನ ಗೋದಾಮಿನೊಳಗೆ ಇಂದೂಬಾಯಿ ಚಪ್ಪಲಿ ಕಳಚಿ ತೂಕದ ಹಲಗೆಯ ಮೇಲೆ ಕಾಲಿಡುತ್ತಿದ್ದರು. ಅದು ಎಂಬತ್ತಾರನೆಯ ಇಸವಿ.

ಇಂದೂಬಾಯಿ ಗಣಿತದ ಶಿಕ್ಷಕಿ. ಕಲಬುರಗಿಯ ಜಗತ್ ವೃತ್ತದ ಬಳಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಮಕ್ಕಳು ಉತ್ತರ ತಂದರೆ, ಅದನ್ನು ಎರಡೂ ಸಮೀಕರಣಗಳಲ್ಲಿ ಇಟ್ಟು ನೋಡುವತನಕ ನಂಬುತ್ತಿರಲಿಲ್ಲ.

ಶಾಲೆಯ ಎದುರು ಓಣಿಯ ಶೇವಂತಾಗೆ ದಿನ ತುಂಬುವ ಮುನ್ನವೇ ಹೆಣ್ಣು ಕೂಸು ಹುಟ್ಟಿತ್ತು. ವಾರವಾರ ತೂಕ ನೋಡಿರಿ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಹತ್ತಿರವಿದ್ದ ತಕ್ಕಡಿಯೆಂದರೆ ಗೋದಾಮಿನ ಈ ಕಾಂಟಾ ಒಂದೇ. ಐವತ್ತು ಕಿಲೊ ದಾಟದೆ ಅದರ ಮುಳ್ಳು ಅಲುಗುವುದಿಲ್ಲ. ಶೇವಂತಾ ಕೂಸನ್ನು ಎತ್ತಿಕೊಂಡರೂ ಅಷ್ಟಾಗಳು, ಇಂದೂಬಾಯಿಯೂ ಆಗರು. ಹಾಗಾಗಿ ಇಬ್ಬರೂ ಜೊತೆಗೆ ಹತ್ತುತ್ತಿದ್ದರು. ಮೊದಲು ಮೂವರು; ಆಮೇಲೆ ಕೂಸನ್ನು ಗೋಣಿತಟ್ಟಿನ ಮೇಲೆ ಮಲಗಿಸಿ, ಇಬ್ಬರೇ. ಒಂದರಿಂದ ಒಂದನ್ನು ಕಳೆದರೆ ಎರಡರಲ್ಲೂ ಇರುವ ದೊಡ್ಡವರು ಹೊರಟುಹೋಗುತ್ತಾರೆ, ಕೂಸೊಂದೇ ಉಳಿಯುತ್ತದೆ. ತರಗತಿಯಲ್ಲಿ ಎಕ್ಸ್, ವೈಗಳನ್ನು ಹೊರಹಾಕುವುದೂ ಹೀಗೆಯೇ.

“ಇದು ಬಾಳಿಗೊನಿ ತೂಗೋ ಕಾಂಟಾ, ಬಾಯೇರ,” ಎಂದು ಬುರ್ಹಾನುದ್ದೀನ್ ನಗುತ್ತಿದ್ದ. “ಸಣಕಲ ಮಂದಿಗಿ ಸಲಾಮ್ ಹೊಡಿಯಲ್ರಿ.”

ಕೂಸು ಎರಡು ಕಿಲೊ ಎಂಟುನೂರು ಗ್ರಾಂ ಆಗಿದ್ದಾಗ ಜ್ವರ ಬಂದು ತೀರಿಕೊಂಡಿತು. ಅದಾಗಿ ಹತ್ತು ದಿನ. ಶೇವಂತಾ ಅನ್ನ ಮುಟ್ಟಿರಲಿಲ್ಲ. ಇವತ್ತು ತೋಳು ಮಡಚಿಕೊಂಡೇ ಬಂದಿದ್ದಳು.

“ತೋಳಾಗ ಭಾರ ಅದರಿ. ಮಂದಿ ಹುಚ್ಚಿ ಅಂತಾರ. ನೀವು ತೂಕ ಮಾಡ್ರಿ ಬಾಯಿ. ನೀವು ಏನಿಲ್ಲ ಅಂದ್ರ ಮನಿಗಿ ಹೋಗಿ ರೊಟ್ಟಿ ತಿಂತೀನಿ.”

“ಕೂಸು ಅದಾಳ ಅಂತ ಬಂದ್ರ?” ಬುರ್ಹಾನುದ್ದೀನ್ ಮೆಲ್ಲಗೆ ಕೇಳಿದ.

“ಅಕಿ ಸಂಗಟ ನಾನೂ ಮಣ್ಣಿಗಿ ಹೋಗ್ತೀನಿ. ಒಬ್ಬಾಕಿನೇ ಹ್ಯಾಂಗ ಕಳಸಲಿ?”

ಇಂದೂಬಾಯಿ ಒಪ್ಪಿದರು. ಎರಡು ಸಲವೂ ನಿಲ್ಲುವವರು ಅವರಿಬ್ಬರೇ. ಉತ್ತರ ಗೊತ್ತಿದ್ದ ಲೆಕ್ಕ.

ಇಬ್ಬರೂ ಹತ್ತಿದರು. ಬುರ್ಹಾನುದ್ದೀನ್ ಸೀಮೆಸುಣ್ಣದಿಂದ ಗೋಡೆಗೆ ಬರೆದ: ೯೪.೭. ಶೇವಂತಾ ಇಳಿದು, ಕೂಸಿನ ಕತ್ತಿನಡಿ ಕೈಯಿಟ್ಟು ಮಲಗಿಸುವಂತೆ ಗೋಣಿತಟ್ಟಿನತ್ತ ಬಾಗಿ, ಬರಿಗೈಯಲ್ಲಿ ಮತ್ತೆ ಹತ್ತಿದಳು. ೯೧.೬.

ಬುರ್ಹಾನುದ್ದೀನ್ ನಗಲಿಲ್ಲ. ಮುಳ್ಳಿನ ಗಾಜು ಒರೆಸಿದ. ಇಂದೂಬಾಯಿ ಇನ್ನೊಮ್ಮೆ ತೂಗಿಸಿದರು. ಅವೇ ಎರಡು ಅಂಕಿ.

ಲೆಕ್ಕದಿಂದ ದೊಡ್ಡವರಿಬ್ಬರೂ ಹೊರಟುಹೋದ ಮೇಲೆ ಮೂರು ಕಿಲೊ ನೂರು ಗ್ರಾಂ ಉಳಿದಿತ್ತು. ಹತ್ತು ದಿನಕ್ಕೆ ಮುನ್ನೂರು ಗ್ರಾಂ: ಹಾಲು ಕುಡಿಯುವ ಕೂಸು ಹೆಚ್ಚುವಷ್ಟೇ. ಇಂದೂಬಾಯಿ ಕೆಳಗೆ ನೋಡಿದರು. ಗೋಣಿತಟ್ಟಿನ ನಡುವೆ ಸಣ್ಣದೊಂದು ತಗ್ಗು ಬಿದ್ದಿತ್ತು. ಅವರು ನೋಡುತ್ತಿದ್ದಂತೆ ಅದು ಒಂದಿಷ್ಟು ಅಗಲವಾಯಿತು.

ಓದು ಬಾರದ ಶೇವಂತಾ ಗೋಡೆಯನ್ನು ನೋಡಲಿಲ್ಲ. ಇಂದೂಬಾಯಿಯ ಮುಖವನ್ನೇ ನೋಡುತ್ತಿದ್ದಳು.

“ಎಷ್ಟು ಬಂತ್ರಿ?”

ಇಂದೂಬಾಯಿ ಅವಳ ಎರಡೂ ಕೈ ಹಿಡಿದುಕೊಂಡರು. ತರಗತಿಯಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು:

“ಸೊನ್ನಿ.”