ಕಂಬಳಿ ಮೇಲೆ ಕೂತು ಹೇಳಿ

ಅಣ್ಣ ತೀರಿಕೊಂಡ ಮೇಲೆ ನಮ್ಮ ಅತ್ತಿಗೆ ಅಡುಗೆಮನೆ ಬಿಟ್ಟು ಈಚೆ ಬರುವುದನ್ನೇ ನಿಲ್ಲಿಸಿದ್ದಳು. ತೋವಿನಕೆರೆ ಹತ್ತಿರದ ನಮ್ಮೂರಲ್ಲಿ ಗುರುವಾರ ಸಂಜೆ ಹೆಂಗಸರು ಸೇರಿ ಭಜನೆ, ಧ್ಯಾನ ಮಾಡುತ್ತಾರೆ. ದೂರದಲ್ಲೆಲ್ಲೋ ದೊಡ್ಡ ಆಶ್ರಮವಿರುವ ಪಂಥವೊಂದರ ಕೂಟ ಅದು. ಕೂಟದ ಹೆಂಗಸರೇ ಮನೆಗೆ ಬಂದು ಅತ್ತಿಗೆಯನ್ನು ಎಬ್ಬಿಸಿಕೊಂಡು ಹೋದರು. ಬರಬರುತ್ತಾ ಹಾಡು ಎತ್ತಿಕೊಡುವವಳೇ ಅವಳಾದಳು. ನನಗೆ ಧ್ಯಾನ ಗೀನ ಒಗ್ಗುವುದಿಲ್ಲ, ಕಣ್ಣು ಮುಚ್ಚಿದರೆ ಗೊರಕೆ. ಆದರೂ ಅವಳ ದನಿ ಕೇಳಲೆಂದೇ ಹೋಗಿ ಕೂರುತ್ತಿದ್ದೆ.

ಆಮೇಲೆ ಗಾಳಿಸುದ್ದಿ ಶುರುವಾಯಿತು. ಆಶ್ರಮದ ದೊಡ್ಡವರು ಬೆಳ್ಳಿ ತಟ್ಟೆಯಲ್ಲೇ ಉಣ್ಣುತ್ತಾರಂತೆ, ಹಾಲಿನಲ್ಲೇ ಸ್ನಾನವಂತೆ. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದಾಗ ಅವರಿಗಿದ್ದದ್ದು ಒಂದೇ ವಿದೇಶಿ ಕಾರು. ಶಿರಾದ ಬಟ್ಟೆ ಅಂಗಡಿಗೆ ಬರುವಷ್ಟರಲ್ಲಿ ಅದು ಮೂರಾಗಿತ್ತು. ಪಾವಗಡದ ನೆಂಟರ ಮದುವೆಯಲ್ಲಿ ಹೆಲಿಕಾಪ್ಟರೇ ಆಗಿ ಹಾರುತ್ತಿತ್ತು! ಸಿಕ್ಕಸಿಕ್ಕವರನ್ನು "ನೀವು ನೋಡಿದ್ರಾ?" ಅಂತ ಕೇಳಿದೆ. ಎಲ್ಲರಿಗೂ ಇನ್ಯಾರೋ ಹೇಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ಕೂಟಕ್ಕೆ ಬರುವವರು ಕಡಿಮೆಯಾದರು. ಬಂದವರೂ ಹಾಡುವುದು ಬಿಟ್ಟು ಪಿಸುಗುಟ್ಟುತ್ತಿದ್ದರು. ಒಂದು ದಿನ ಅತ್ತಿಗೆ, "ನಾನೂ ಬರಾಕಿಲ್ಲ ಕಣಮ್ಮ, ಜನ ನಗ್ತಾವ್ರೆ" ಅಂದು ಮತ್ತೆ ಒಲೆ ಮುಂದೆ ಕೂತಳು. ನಿಜಕ್ಕೂ ಹೆದರಿದೆ. ಈ ಸಲ ಕೂತರೆ ಏಳಲಾರಳು ಅನ್ನಿಸಿ, ಬಾಯಿಗೆ ಬಂದಂತೆ ಬೈದೆ: "ಯಾರೂ ಕಾಣದ ಮಾತಿಗೆ ನೀನ್ಯಾಕೆ ಮೂಲೆ ಸೇರ್ತೀಯ ಅತ್ತಿಗೆ?" ಅವಳು ಒಲೆಗೆ ಇನ್ನೊಂದು ಸೌದೆ ತುರುಕಿದಳು.

ಗುರುವಾರ ಸಂಜೆ ನೋಡಿದರೆ ಅಟ್ಟದಿಂದ ನಮ್ಮಪ್ಪನ ಕರಿ ಕಂಬಳಿ ಇಳಿಸಿ ಕೊಡವುತ್ತಿದ್ದಾಳೆ. ನಮ್ಮದು ಕುರಿ ಕಾಯುವವರ ಕೇರಿ. ಇಲ್ಲಿ ನ್ಯಾಯಕ್ಕೆ ಕಂಬಳಿ ಹಾಸಿದರೆ ಅದರ ಮೇಲೆ ಕೂತು ಯಾರೂ ಸುಳ್ಳಾಡುವುದಿಲ್ಲ. ಗಂಡಸರು ಹಾಸುವ ಆ ಕಂಬಳಿಯನ್ನು ಅವಳು ಭಜನೆಯ ನಡುವೆ ಹಾಸಿ, "ಕಣ್ಣಾರೆ ಕಂಡೋರು ಇದ್ರ ಮ್ಯಾಲೆ ಕೂತು ಹೇಳಿ. ನಾನು ಕೇಳ್ತೀನಿ" ಅಂದಳು.

ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದ ಪಕ್ಕದ ಮನೆಯಾಕೆ ಎದ್ದಳು. ಕಂಬಳಿಯ ಅಂಚಿನವರೆಗೂ ಬಂದು ಕಾಲು ಹಿಂದಕ್ಕೆ ತೆಗೆದಳು.

"ನಾನು ಕಂಡಿಲ್ಲ ಕಣವ್ವ. ನಮ್ಮ ತಂಗಿ ಹೇಳಿದ್ಲು."

"ಅಂಗಾದ್ರೆ ಎಲ್ಲಾ ಸುಳ್ಳು!" ಅಂತ ನಾನು ಕೂಗಿಯೇಬಿಟ್ಟೆ.

ಅತ್ತಿಗೆ ನನ್ನ ಕಡೆ ತಿರುಗಿದಳು. "ಸುಳ್ಳು ಅಂತ ನೀನು ಕಂಡಿದ್ದೀಯಾ? ಕಂಡಿದ್ರೆ ಬಾ, ಕೂತ್ಕೊ."

ಎಲ್ಲರೂ ನಕ್ಕರು, ನನಗೂ ನಗು ಬಂತು.

"ನಾಳೆ ನಿಜ ಅಂತ ಗೊತ್ತಾದ್ರೆ ಏನ್ಮಾಡ್ತೀಯಕ್ಕ?" ಪಕ್ಕದ ಮನೆಯಾಕೆ ಮೆಲ್ಲಗೆ ಕೇಳಿದಳು.

"ಗೋಡೆ ಮ್ಯಾಗಿರೋ ಆಶ್ರಮದೋರ ಫೋಟೊ ಇಳಿಸ್ಬುಡ್ತೀನಿ. ಹಾಡು ಬುಡಾಕಿಲ್ಲ." ಅತ್ತಿಗೆ ಕಂಬಳಿಯ ಮೇಲೆ ತಾನೇ ಕೂತಳು. "ಅಳ್ತಾ ಕೂತಿದ್ದೋಳ ಬಾಗ್ಲು ತಟ್ಟಿ ಕರ್ಕಂಡ್ ಬಂದೋರು ನೀವು ಕಣ್ರವ್ವ. ಅವ್ರಲ್ಲ."

ಹಾಡು ಎತ್ತಿಕೊಂಡಳು. ಮೊದಲ ಸಾಲಿಗೇ ದನಿ ಒಡೆಯಿತು. ಪಕ್ಕದ ಮನೆಯಾಕೆ ತಡಮಾಡದೆ ಎರಡನೇ ಸಾಲು ಹಿಡಿದಳು.