ಹೊಳೆಯಿಂದ ಎತ್ತಿದ ಮೇಲೆ

ಸಿರುಗುಪ್ಪದ ಹತ್ತಿರ ತುಂಗಭದ್ರೆ ದಾಟುವಾಗ ನಮ್ಮ ದೋಣಿ ದಡದ ಬಂಡೆಗೆ ತಾಗಿತು. ಅಂಚಿನಲ್ಲಿ ಕುಳಿತಿದ್ದ ಬಳ್ಳಾರಿ ಕೌಲ್ ಬಜಾರಿನ ದರ್ಜಿ ಮಹಬೂಬ್ ಸಾಬರು ನೀರಿಗೆ ಬಿದ್ದು ಮುಳುಗಿದರು. ಅಂಬಿಗ ಹಾರಿ ಅವರನ್ನು ಎಳೆದು ತಂದ. ಕೆಮ್ಮಿ ಕೆಮ್ಮಿ ನೀರು ಕಾರಿಕೊಂಡ ಸಾಬರು ನಕ್ಕರು.

“ಏನೂ ಆಗಿಲ್ರಿ, ಚಲೋ ಅದೀನಿ.”

ನಾವೆಲ್ಲ ನಂಬಿದೆವು. ಅವರ ಹೆಂಡತಿ ಜೈನಾಬಿ ಮಾತ್ರ ನಂಬಲಿಲ್ಲ. ಬಸ್ಸಿಗೆ ಕಾಯುವಾಗ ಗಂಡನ ಒದ್ದೆ ಬೆನ್ನಿಗೆ ಕಿವಿಯಿಟ್ಟು ಕೇಳಿದರು.

“ಉಸಿರಿನಾಗ ಗುಳುಗುಳು ಸಪ್ಪಳ ಐತಿ. ತುಟಿ ನೋಡ್ರಿ, ನೀಲಿ ಆಗ್ಯಾವ.”

ಹಾಗೆಂದವರೇ ರಸ್ತೆಯ ನಡುವೆ ನಿಂತು, ಅದಿರು ಇಳಿಸಿ ಮರಳುತ್ತಿದ್ದ ಲಾರಿಯೊಂದನ್ನು ತಡೆದರು.

“ಅಣ್ಣಾ, ಇವರನ್ನ ಬಳ್ಳಾರಿ ದವಾಖಾನಿಗೆ ಮುಟ್ಟಸ್ರಿ.”

“ಹತ್ರಿ ಅಮ್ಮಾ,” ಎಂದ ಚಾಲಕ.

ಸಾಬರನ್ನು ಹಿಡಿದುಕೊಂಡು ನಾನೂ ಹತ್ತಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅವರಿಗೆ ಮಾತಾಡಲೂ ಉಸಿರು ಸಾಲದಾಯಿತು.

“ಲಂಗ್ಸಿಗೆ ನೀರು ಹೋಗೈತಿ. ಇನ್ನಷ್ಟು ತಡ ಆಗಿದ್ರ ಕಷ್ಟ ಇತ್ತು,” ಎಂದರು ಡಾಕ್ಟರು.

ಮರುದಿನ ನಾನು ಬಳ್ಳಾರಿ ಬಿಡುವ ಮುಂಚೆ ಅವರನ್ನು ನೋಡಲು ಹೋದೆ. ಸಾಬರು ಆಕ್ಸಿಜನ್ ಮಾಸ್ಕ್ ಸರಿಸಿ ಮೆಲ್ಲಗೆ, “ಹೊಸಾ ಚಪ್ಪಲಿ ಹೊಳ್ಯಾಗ ಹೋದ್ವಲ್ಲ,” ಎಂದರು. ಜೈನಾಬಿ ನಗಲು ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.